ಮೊಬೈಲಿಗೆ ಹೇಳಿದ ಸುಳ್ಳು

ಬನಹಟ್ಟಿಯ ನೇಕಾರರ ಓಣಿಯಲ್ಲಿ ಶಿವಗಂಗವ್ವ ಬುಟ್ಟಿಯ ರೊಟ್ಟಿ ಎಣಿಸಲು ಶುರುಮಾಡಿ ತಿಂಗಳಾಗಿತ್ತು. ಕಾರಣ, ಆರನೇ ಇಯತ್ತೆಯ ಮಗಳು ಸೌಂದರ್ಯಾ. ವರ್ಷದೊಳಗೆ ಎರಡು ಸಲ ಅವಳ ಸಾಲೆಯ ಅಂಗಿ ಬಿಗಿಯಾಗಿತ್ತು. ನೀರಿಗೆ ಹೋದಲ್ಲಿ ಹೆಂಗಸರು, "ಮಗಳಿಗೆ ಏನ್ ಹಾಕಿ ಸಾಕಾಕತ್ತೀಯವ್ವಾ?" ಎಂದು ನಗುತ್ತಿದ್ದರು. ತಾಯಿ ಎರಡು ರೊಟ್ಟಿಯ ಬದಲು ಒಂದೇ ಹಾಕಿದಳು. ಆದರೂ ಹುಡುಗಿಯ ಮೈ ಇಳಿಯಲಿಲ್ಲ. ಹಾಗಾದರೆ ಎಲ್ಲೋ ಕದ್ದು ತಿನ್ನುತ್ತಿರಬೇಕು.

"ಖರೆ ಹೇಳು. ಸಾಲಿಯಿಂದ ಬರೂಮುಂದ ಅಂಗಡ್ಯಾಗ ಏನ್ ತಿಂದಿ?"

"ಏನೂ ತಿಂದಿಲ್ಲಬೇ ಯವ್ವಾ."

"ಮತ್ತ ಗಾಳಿ ಕುಡದು ದಪ್ಪ ಆದ್ಯಾ?"

ಸೌಂದರ್ಯಾ ಗೋಡೆಯ ಕಡೆ ತಿರುಗಿದಳು. ಶಿವಗಂಗವ್ವ ಅವಳ ಪಾಟೀಚೀಲವನ್ನೆಲ್ಲ ಕೊಡವಿ ನೋಡಿದಳು. ಬಿದ್ದದ್ದು ಎರಡು ಮೊಂಡ ಪೆನ್ಸಿಲು.

ಅದೇ ವಾರ ಆಶಾ ಕಾರ್ಯಕರ್ತೆ ರತ್ನಾಬಾಯಿ ಅಳತೆಯ ಟೇಪು, ತೂಕದ ಯಂತ್ರ, ಮೊಬೈಲು ಹಿಡಿದುಕೊಂಡು ಬಂದಳು. ಮಕ್ಕಳ ಮೈತೂಕ ಯಾಕೆ ಏರುತ್ತಿದೆ ಎಂದು ಹುಡುಕುವ ಹೊಸ ಕೆಲಸ ಅದು. ಮನೆಯವರು ಹೇಳಿದ ಉತ್ತರಗಳನ್ನು ನೋಡಿ, ಯಾವ ರೂಢಿಯಿಂದ ತೊಂದರೆ ಇರಬಹುದು ಎಂದು ಮೊಬೈಲು ತೋರಿಸುತ್ತಿತ್ತು.

"ಬ್ಯಾಡ್ರಿ ಅಕ್ಕಾರ," ಎಂದಳು ಶಿವಗಂಗವ್ವ. "ಹೋದ ವರ್ಷ ಯಾರೋ ಒಬ್ಬಾಕಿ ಹಿಂಗ ಬಂದು ನಂಬರ್ ಬರಕೊಂಡು ಹೋದ್ಲು. ಮರುದಿನದಿಂದ ತೆಳ್ಳಗಾಗೂ ಪುಡಿ ತಗೋರಿ ಅಂತ ಫೋನೋ ಫೋನು!"

"ನೀ ಅನುಮಾನ ಪಡೂದು ಛಲೋನ ಐತಿ, ಕೇಳಬೇಕು. ನಾ ಓಟಿಪಿ ಕೇಳಂಗಿಲ್ಲ, ಬ್ಯಾಂಕಿನ ನಂಬರ್ ಕೇಳಂಗಿಲ್ಲ. ಹುಡುಗಿ ಹೆಸರೂ ಇದರಾಗ ಹೋಗಂಗಿಲ್ಲ. ಯಾರು ನೋಡ್ತಾರ, ಯಾಕ ನೋಡ್ತಾರ ಅಂತ ಈ ಹಾಳ್ಯಾಗ ಕನ್ನಡದಾಗ ಐತಿ, ಓದು. ನೀ ಒಲ್ಲೆ ಅಂದ್ರ ನಾ ಎದ್ದು ಹೋಗ್ತೇನಿ, ಸಿಟ್ಟಿಲ್ಲ."

ಶಿವಗಂಗವ್ವ ಎರಡು ಸಲ ಓದಿ ಸಹಿ ಹಾಕಿದಳು. ಆದರೆ ಮನಸ್ಸಿನ ಮೂಲೆಯಲ್ಲಿ ಇನ್ನೂ ಕುಟುಕುತ್ತಲೇ ಇತ್ತು.

"ಹುಡುಗಿ ದಿನಕ್ಕ ಎಷ್ಟು ಸಕ್ಕರಿ ತಿಂತಾಳ?"

"ನಮ್ಮ ಮನ್ಯಾಗ ಸಕ್ಕರಿ ತರೂದ ಇಲ್ರಿ."

ಅದು ನಿಜವೇ. ಮುಧೋಳದ ಕಡೆಯಿಂದ ಬೆಲ್ಲದ ಪೆಂಟೆ ಬರುತ್ತಿತ್ತು. ಬೆಲ್ಲ ಮೈಗೆ ಒಳ್ಳೆಯದು, ಅದನ್ನೇನು ಹೇಳುವುದು?

"ರಾತ್ರಿ ಎಷ್ಟಕ್ಕ ಮಲಗ್ತಾಳ?"

ಶಿವಗಂಗವ್ವ ತಡವರಿಸಿದಳು. ಪಡಸಾಲೆಯಲ್ಲಿ ಗಂಡ ಶಶಿಕಾಂತನ ಎರಡು ವಿದ್ಯುತ್ ಮಗ್ಗಗಳಿದ್ದವು. ಹನ್ನೊಂದೂವರೆಯವರೆಗೂ ಅವು ನಿಲ್ಲುತ್ತಿರಲಿಲ್ಲ. ಸದ್ದಿಗೆ ಪಕ್ಕದ ಮನೆಯವರು ಆಗಲೇ ಗೊಣಗುತ್ತಿದ್ದರು. ಇದೆಲ್ಲ ಮೊಬೈಲಿನಿಂದ ಕರೆಂಟಿನ ಆಫೀಸಿಗೆ ಹೋಗಿ, ಅವರು ಮಗ್ಗದ ಕರೆಂಟೇ ಕಡಿದುಬಿಟ್ಟರೆ?

"ಒಂಬತ್ತಕ್ಕೆಲ್ಲಾ ಮಲಗ್ತಾಳ್ರಿ."

ರತ್ನಾಬಾಯಿ ಎಲ್ಲವನ್ನೂ ತುಂಬಿ ಮೊಬೈಲು ನೋಡಿದಳು. "ಎತ್ತರಕ್ಕ ತಕ್ಕ ತೂಕ ಇಲ್ಲ, ಹೆಚ್ಚೈತಿ. ಆದ್ರ ನೀ ಹೇಳಿದ್ರಾಗ ಇದಕ್ಕ ಕಾರಣ ಕಾಣವಲ್ದು."

"ನೋಡಿದ್ರ್ಯಾ? ಮಷೀನೂ ಅದನ್ನ ಹೇಳಾಕತ್ತೈತಿ. ಮನ್ಯಾಗ ಎಲ್ಲಾ ಬರೋಬ್ಬರಿ ಐತಿ ಅಂದ್ರ ಈಕಿ ಹೊರಗ ಕದ್ದು ತಿಂತಾಳ!"

ರತ್ನಾಬಾಯಿ ಬೇಡವೆಂದರೂ ಮರುದಿನದಿಂದ ಮಗಳ ತಟ್ಟೆಗೆ ಅರ್ಧ ರೊಟ್ಟಿ ಮಾತ್ರ ಬಿತ್ತು.

ನಾಲ್ಕನೇ ದಿನ ಸಾಲೆಯ ಪ್ರಾರ್ಥನೆಯ ಸಾಲಿನಲ್ಲಿ ಸೌಂದರ್ಯಾ ಕಣ್ಣು ಕತ್ತಲೆ ಬಂದು ಬಿದ್ದಳು. ಶಿವಗಂಗವ್ವ ಸುತ್ತುತ್ತಿದ್ದ ನೂಲಿನ ಕಂಡಿಕೆಯನ್ನು ಅಲ್ಲೇ ಬಿಟ್ಟು ಆಸ್ಪತ್ರೆಗೆ ಓಡಿದಳು. ಮಂಚದ ಮೇಲೆ ಮಗಳು ಸಣ್ಣ ದನಿಯಲ್ಲಿ ಕೇಳಿದಳು:

"ನಾ ಕದ್ದು ತಿಂದಿಲ್ಲಬೇ ಯವ್ವಾ. ತಿಂದಿದ್ರ ಬೀಳ್ತಿದ್ನೇನು?"

ತಾಯಿ, ಸುದ್ದಿ ಕೇಳಿ ಬಂದು ಬಾಗಿಲಲ್ಲಿ ನಿಂತಿದ್ದ ರತ್ನಾಬಾಯಿಯ ಕೈ ಹಿಡಿದುಕೊಂಡಳು.

"ಅಕ್ಕಾರ, ನಾ ನಿಮ್ಮ ಮೊಬೈಲಿಗೆ ಸುಳ್ಳು ಹೇಳೇನ್ರಿ."

ಮಗ್ಗದ ಸದ್ದು, ಹನ್ನೊಂದೂವರೆಯ ನಿದ್ದೆ, ಎಲ್ಲವೂ ಹೊರಬಂತು. ಬೆಳಿಗ್ಗೆ ಐದೂವರೆಗೆ ಎಬ್ಬಿಸಿದರೆ ಹುಡುಗಿ ಕೂತಲ್ಲೇ ತೂಕಡಿಸುತ್ತಿದ್ದಳು. ಎಚ್ಚರವಾಗಲಿ ಎಂದು ತಾಯಿಯೇ ಲೋಟದ ತುಂಬ ಬೆಲ್ಲದ ಚಹಾ ಕೊಡುತ್ತಿದ್ದಳು. ಸಾಲೆಯಿಂದ ಬಂದ ಮೇಲೆ ಇನ್ನೊಂದು, ಓದುವಾಗ ಮತ್ತೊಂದು. ಸಂಜೆ ಆಟಕ್ಕೆಂದು ಹೊರಗೆ ಹೋಗುವುದೇ ಇರಲಿಲ್ಲ.

"ಬೆಲ್ಲಾನೂ ಸಿಹಿನ ಅಲ್ಲೇನವ್ವಾ?" ರತ್ನಾಬಾಯಿಗೆ ನಗು ತಡೆಯಲಾಗಲಿಲ್ಲ. "ಮತ್ತ ಈ ಮಷೀನು ದೇವರಲ್ಲ. ನೀ ಸೀರಿ ಮ್ಯಾಲ ಕೈ ಆಡಿಸಿದ್ರ ಸಾಕು, ಎಲ್ಲಿ ಎಳಿ ತಪ್ಪೈತಿ ಹೇಳ್ತಿ. ಸಾವಿರ ಸೀರಿ ನೋಡೀದಿ, ಅದಕ್ಕ. ಇದೂ ಸಾವಿರಾರು ಮಂದಿ ಊಟ, ನಿದ್ದಿ, ಆಟ, ತೂಕ ಎಲ್ಲಾ ನೋಡಿ ಕಲತೈತಿ. ಕತ್ತಲ್ಯಾಗ ಸೀರಿ ಕೊಟ್ಟು ತಪ್ಪು ಹುಡುಕು ಅಂದ್ರ ನೀನರ ಏನ್ ಮಾಡ್ತಿ?"

ಈ ಸಲ ತಾಯಿ, ಮಗಳು ಇದ್ದದ್ದನ್ನು ಇದ್ದಂತೆ ಹೇಳಿದರು. ಮೊಬೈಲು ಮೊದಲಿಗೇ ತೋರಿಸಿದ್ದು ಕಡಿಮೆ ನಿದ್ದೆ. ಆಮೇಲೆ ಸಿಹಿ ಚಹಾ. ಆಮೇಲೆ ಆಟವಿಲ್ಲದ ಸಂಜೆ.

ಡಾಕ್ಟರು ಹುಡುಗಿಯ ರಕ್ತ ಪರೀಕ್ಷೆ ಮಾಡಿಸಿ, ಬೇರೆ ರೋಗವಿಲ್ಲವೆಂದು ಖಚಿತ ಮಾಡಿಕೊಂಡು ಹೇಳಿದರು: "ಮಷೀನ್ ಕೊಟ್ಟಿದ್ದು ಸುಳಿವು ಅಷ್ಟ. ತಪಾಸಣಿ ನಾವ ಮಾಡಬೇಕು. ನಿದ್ದಿಗೆಟ್ಟ ಮಕ್ಕಳಿಗೆ ಹಸಿವು ಹೆಚ್ಚು, ಸಿಹಿ ಮ್ಯಾಲ ಆಸೆ ಹೆಚ್ಚು. ಆದ್ರ ಬೆಳಿಯೂ ಹುಡುಗೀನ ಉಪವಾಸ ಕೆಡವಬ್ಯಾಡ್ರಿ. ಹೊಟ್ಟಿ ತುಂಬ ರೊಟ್ಟಿ, ಕಾಳು, ಪಲ್ಯ ಹಾಕ್ರಿ."

ಸಂಜೆ ಶಶಿಕಾಂತ ಗುರುಗುಟ್ಟಿದ. "ಮೊಬೈಲ್ ಮಾತು ಕೇಳಿ ಮಗ್ಗ ಬಂದ್ ಮಾಡಲ್ಯಾ?"

"ಮೊಬೈಲಿಂದು ಬಿಡ್ರಿ. ಮಗಳ ಕಣ್ಣರ ನೋಡ್ರಿ ಒಮ್ಮೆ."

ಆತ ನೋಡಿದ. ಓದುತ್ತ ಕುಳಿತ ಹುಡುಗಿ ಪುಸ್ತಕದ ಮೇಲೆಯೇ ವಾಲಿದ್ದಳು. ಅಂದಿನಿಂದ ಒಂಬತ್ತಕ್ಕೆ ಮಗ್ಗ ನಿಂತಿತು.

ಹುಡುಗಿ ನಾಲ್ಕು ದಿನದಲ್ಲಿ ಕಡ್ಡಿಯಾಗಲಿಲ್ಲ, ಆಗುವುದೂ ಬೇಡ. ನಾಲ್ಕು ತಿಂಗಳ ಮೇಲೆ ಅಳೆದಾಗ ಎತ್ತರ ಏರಿತ್ತು, ತೂಕ ನಿಂತಲ್ಲೇ ಇತ್ತು. ಶಿವಗಂಗವ್ವ ಮಗಳ ಚೀಲ ಹುಡುಕುವುದನ್ನು ಬಿಟ್ಟಳು. ಸೌಂದರ್ಯಾ ಈಗ ಸಾಲೆಯಲ್ಲಿ ಆದದ್ದನ್ನೆಲ್ಲ, ಕೇಳದಿದ್ದರೂ, ಅವ್ವನ ಹಿಂದೆ ಹಿಂದೆಯೇ ಬಂದು ಹೇಳುತ್ತಾಳೆ.

ಅಕ್ಕಂದಿರೇ, ನಿಮ್ಮ ಮನೆಗೂ ಇಂಥ ಪ್ರಶ್ನೆಗಳು ಬರಬಹುದು. ಅನುಮಾನವಿದ್ದರೆ ನೂರು ಸಲ ಕೇಳಿ: ಯಾರು ಕಳಿಸಿದರು, ಉತ್ತರ ಎಲ್ಲಿಗೆ ಹೋಗುತ್ತದೆ? ಓಟಿಪಿ ಕೇಳಿದವರನ್ನು ಹೊಸ್ತಿಲಾಚೆಯೇ ನಿಲ್ಲಿಸಿ. ಮನಸ್ಸು ಒಪ್ಪದಿದ್ದರೆ ಒಲ್ಲೆ ಎನ್ನಿ. ಒಪ್ಪಿದರೆ ಮಾತ್ರ ನಿಜವನ್ನೇ ಹೇಳಿ. ಮಗುವಿನ ಮೈ ದಪ್ಪವಾಗುತ್ತಿದ್ದರೆ ಅದರ ಅನ್ನ ಕಸಿಯಬೇಡಿ, ಕಳ್ಳತನ ಹೊರಿಸಬೇಡಿ. ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಿರಿ. ಅದಕ್ಕೂ ಮೊದಲು, ಇವತ್ತೇ, ಪಕ್ಕದಲ್ಲಿ ಕೂರಿಸಿಕೊಂಡು ಕೇಳಿ: "ನಿದ್ದಿ ಸಾಕಾತೇನವ್ವಾ ನಿನಗ?"