ನಾನು ಕಿತ್ತ ಮೂರು ಕಲ್ಲು

ನನಗೆ ಒಂದು ಕಡೆ ಸುಮ್ಮನೆ ಕೂಡಲು ಬರುವುದಿಲ್ಲ. ಕಬನೂರಿನ ಮಗ್ಗಗಳ ಖಡಖಡದಲ್ಲಿ ಬೆಳೆದವಳು. ಮಾಲವಣದ ಆಚೆಯ ಆ ಸಮುದ್ರದಂಡೆ ಎಷ್ಟು ಚೆಂದವಿದ್ದರೂ ಗಳಿಗೆಯೊಳಗೆ ಸಾಕಾಯಿತು. ಮೇಲೆ ನಾವು ಜೈನರು, ಹೊತ್ತು ಮುಳುಗುವುದರೊಳಗೆ ಉಣ್ಣಬೇಕು. ಬುತ್ತಿ ಕಾರಿನಲ್ಲಿ, ಕಾರು ಅಷ್ಟು ದೂರ. ಅತ್ತೆ ಬಾಳಕ್ಕನವರು ಏಳಲೊಲ್ಲರು.

ಅವರು ಕುಳಿತಿದ್ದು ಮೀನು ಹಿಡಿಯುವ ಕಲ್ಲಿನ ಒಡ್ಡಿನ ಪಕ್ಕ. ಗಾರೆಯಿಲ್ಲದೆ ಪೇರಿಸಿದ ಮೊಣಕಾಲೆತ್ತರದ ಗೋಡೆ. ಸಮುದ್ರಕ್ಕೆ ಭರತ ಬಂದು ಉಕ್ಕಿದಾಗ ನೀರು ಅದರ ಮೇಲೆ ಹಾದು ಬರುತ್ತದೆ. ಇಳಿದಾಗ ಒಂದಿಷ್ಟು ನೀರು, ಅದರ ಜೊತೆ ಮೀನು, ಒಳಗೇ ಉಳಿಯುತ್ತವೆ.

“ಕಾಂಚನಾ, ನೋಡ ಇಲ್ಲೆ. ಹೊರಗ ಹೋಗಾಕ ದಾರಿ ಹುಡುಕಾಕತ್ತಾವ,” ಎಂದರು ಅತ್ತೆ. ಅವನ್ನು ಬಿಡಿಸದೆ ತುತ್ತು ಮುಟ್ಟುವುದಿಲ್ಲವೆಂದು ಹಟ. ಬೆಳಗಿನ ಚಹಾದ ಮೇಲೆ ಅವರು ಏನೂ ತಿಂದಿರಲಿಲ್ಲ, ಹೊತ್ತು ಮುಳುಗಿದರೆ ನಾಳೆಯವರೆಗೆ ಉಪವಾಸವೇ ಗತಿ. ಇನ್ನೊಬ್ಬರ ಒಡ್ಡು ಎಂದು ತಿಳಿಹೇಳಿದೆ, ಕೇಳಲಿಲ್ಲ. ನನಗೂ ತಲೆ ಕೆಟ್ಟಿತು. ಬಗ್ಗಿ ತಳದ ಮೂರು ಕಲ್ಲು ಕಿತ್ತು ಒಗೆದೆ.

ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಹಾಗಾಯಿತು. ನೀರು ಭರ್ರೆಂದು ಹೊರಗೆ ನುಗ್ಗಿತು, ಮೀನೆಲ್ಲ ಹೋಗಲಿಲ್ಲ. ನಾಲ್ಕೈದು ದೊಡ್ಡವು ಜಾರಿಕೊಂಡವು. ಬೆರಳುದ್ದದ ಮರಿಗಳು ಮಾತ್ರ ರಾಶಿರಾಶಿಯಾಗಿ ಮರಳಿನಲ್ಲಿ ಬಿದ್ದು ಬಡಿದುಕೊಳ್ಳತೊಡಗಿದವು. ಬೊಗಸೆಯಲ್ಲಿ ತುಂಬಿ ಓಡೋಣವೆಂದರೆ ಸಮುದ್ರ ಎಲ್ಲಿಗೋ ಸರಿದಿತ್ತು.

ಬುಟ್ಟಿ ಹಿಡಿದು ಬಂದ ಒಡ್ಡಿನ ಒಡತಿ ಗಂಗುಬಾಯಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ತಾನು ಹಿಡಿಯುವುದು ದೊಡ್ಡವನ್ನು ಮಾತ್ರ, ಮರಿಗಳು ಈ ನೀರಿನಲ್ಲೇ ಇದ್ದು ಮುಂದಿನ ಭರತಕ್ಕೆ ಸಮುದ್ರ ಸೇರುತ್ತಿದ್ದವು ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದಳು.

ಅತ್ತೆಯ ಮುಖ ನೋಡುವ ಧೈರ್ಯ ನನಗಾಗಲಿಲ್ಲ. ಇರುವೆ ಸಾಲು ಕಂಡರೆ ಸುತ್ತಿ ಹೋಗುವ ಹೆಂಗಸು. ತಪ್ಪು ನನ್ನದೇ ಎಂದೆ. ಮೂಲೆಯಲ್ಲಿ ಇನ್ನೂ ಗೇಣು ಆಳದ ನೀರಿತ್ತು, ಅದರಲ್ಲಿ ಉಳಿದ ಮರಿಗಳು, ಒಂದಿಷ್ಟು ದೊಡ್ಡವು; ಅದೂ ಸೋರುತ್ತಿತ್ತು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ಒಗೆದ ಕಲ್ಲನ್ನು ಎದೆಗವಚಿ ತಂದರು.

“ಕಟ್ಟಿದರ ಒಳಗಿನ ದೊಡ್ಡವು ಆಕಿ ಬುಟ್ಟಿಗಿ ಹೊಕ್ಕಾವ್ರಿ, ಅತ್ತಿ,” ಎಂದೆ.

“ಗೊತ್ತೈತಿ,” ಎಂದರು. “ಕೈ ಹಚ್ಚು.”

ಮೂರನೆಯ ಕಲ್ಲು ಕೂತ ಮೇಲೆ ಸಂದಿಗೆ ಹಸಿ ಮರಳು ಮೆತ್ತಿದವರೂ ಅವರೇ.