ಪರೀಕ್ಷೆಯ ಕೋಣೆಯ ಹೊರಗೆ

"ಇಳಿಸಿ, ಇಳಿಸಿ!" ಫಾರೆಸ್ಟ್ ವಾಚರ್ ಚಾತು ಕೈ ಅಡ್ಡ ಹಿಡಿದ. ನಾಲ್ವರೂ ಹೆಗಲ ಮೇಲಿದ್ದ ಚಟ್ಟವನ್ನು ಮತ್ತಿ ಮರದ ಕೆಳಗೆ ಮೆಲ್ಲನೆ ಇಳಿಸಿದರು. ಮುತ್ತಂಗದ ಕಾಡಂಚಿನಲ್ಲಿ ತೊರೆ ದಾಟಿದರೆ ಮಸಣ. ಚಾತುವಿನ ವೈರ್‌ಲೆಸ್‌ನಲ್ಲಿ ಮಲಯಾಳದ ದನಿ ಸ್ಪಷ್ಟವಾಗಿ ಬಂತು. ತೊರೆಯಲ್ಲಿ ಆನೆಗಳಿವೆ, ಜೊತೆಗೆ ಮರಿ.

"ಅವು ಹೋಗ್ಲಿ ಜಗದೀಶ್ ಚೇಟ್ಟಾ. ಸ್ವಲ್ಪ ಇರೋಣ."

ಜಗದೀಶ್ ಅಕ್ಕ ಹೇಮಾಳ ತಲೆಯ ಬಳಿ ಕೂತು, ಅವಳ ಮುಖಕ್ಕೆ ಬಿಸಿಲು ಬೀಳದಂತೆ ಕೊಡೆ ಹಿಡಿದ. ಹೇಮಾ ಮೈಸೂರಿನ ಲ್ಯಾಬಿನಿಂದ ನಿವೃತ್ತಳಾಗಿ ಊರಿಗೆ ಬಂದಿದ್ದಳು. ನಿನ್ನೆ ಬೆಳಿಗ್ಗೆ ಅಂಗಳ ಗುಡಿಸುತ್ತಿದ್ದವಳು ಎದೆ ಹಿಡಿದು ಕೂತಳು, ಮತ್ತೆ ಏಳಲಿಲ್ಲ.

ನೆರೆಮನೆಯ ಹೆಂಗಸು ಓಮನ, ದೂರ ನಿಂತಿದ್ದ ಎತ್ತರದ ಗಂಡಸನ್ನು ನೋಡಿ ಕೇಳಿದಳು, "ಅದ್ಯಾರು?"

"ಸನೀಶ್ ಅಂತ. ಅಕ್ಕನ ಲ್ಯಾಬಿನವನು. ನನ್ನ ಮೆಷಿನ್ ಫೇಲ್ ಮಾಡಿದವನು."

"ನಮ್ಮ ಮೆಣಸು ಒಣಗಿಸೋ ಮೆಷಿನ್ನಾ?"

"ಅದೇ."

* * *

ಮಳೆಗಾಲದಲ್ಲಿ ಕಾಳುಮೆಣಸು ಬೂಸ್ಟು ಹಿಡಿಯುವುದನ್ನು ನೋಡಿ ನೋಡಿ ಬೇಸತ್ತು ಜಗದೀಶ್ ಆ ಯಂತ್ರ ಕಟ್ಟಿದ್ದ. ರೇಡಿಯೋ ತರಂಗದಿಂದ ಕಾಳು ಒಳಗಿನಿಂದಲೇ ಬಿಸಿಯಾಗಿ ಒಣಗುತ್ತಿತ್ತು. ಆದರೆ ಇಂಥ ಯಂತ್ರದಿಂದ ತರಂಗ ಎಷ್ಟು ಹೊರಗೆ ಸೋರುತ್ತದೆಂದು ಅಳೆಸಿ ಪಾಸಾಗದೆ ಮಾರುವಂತಿರಲಿಲ್ಲ. ಆ ಪರೀಕ್ಷೆ ನಡೆಸುವ ಲ್ಯಾಬಿಗೆ ಆಗ ಹೇಮಾಳೇ ಮುಖ್ಯಸ್ಥೆ.

"ನೀನೇ ನೋಡ್ತೀಯಲ್ಲ ಅಕ್ಕ?" ಎಂದು ಫೋನಿನಲ್ಲಿ ಕೇಳಿದ್ದ.

"ನೀನು ನನ್ನ ತಮ್ಮ. ನಾನು ನೋಡಬಾರದು. ಸನೀಶ್ ನೋಡ್ತಾನೆ."

ಯಂತ್ರ ಫೇಲಾಗಿ ಊರಿನ ಶೆಡ್ಡಿಗೆ ವಾಪಸು ಬಂತು. ಜಗದೀಶ್ ಮತ್ತೆ ಫೋನ್ ಮಾಡಿದ.

"ಅವನಿಗೆ ಒಂದು ಮಾತು ಹೇಳಕ್ಕ. ಮೆಣಸು ಒಣಗಿಸೋದು ತಾನೇ, ಬಾಂಬಲ್ಲವಲ್ಲ."

"ನಿನ್ನ ಶೆಡ್ಡಿನ ಹಿಂದೆಯೇ ಕಾಡಿದೆ ಜಗ್ಗು. ಮೆಷಿನ್ ಓಡುವಾಗ ಚಾತುವಿನ ವೈರ್‌ಲೆಸ್ ಏನಾಗ್ತದೆ, ನೋಡಿದ್ದೀಯಾ?"

ಅವನು ಸಿಟ್ಟಿನಿಂದ ಫೋನಿಟ್ಟ. ಆದರೂ ಮಾರನೆಯ ದಿನ ಚಾತುವನ್ನು ಕರೆದು ಶೆಡ್ಡಿನ ಹೊರಗೆ ನಿಲ್ಲಿಸಿದ. ಯಂತ್ರ ಶುರುವಾದೊಡನೆ ವೈರ್‌ಲೆಸ್ ಬರೀ ಕರಕರ ಎಂದಿತು. ಆನೆ ಬಂತೆಂದು ಯಾರಾದರೂ ಕೂಗಿದ್ದರೂ ಆ ಗದ್ದಲದಲ್ಲಿ ತಿಳಿಯುತ್ತಿರಲಿಲ್ಲ.

ಆ ವಾರವೇ ಹೇಮಾ ರಜೆ ಹಾಕಿ ಬಂದಳು. ತರಂಗ ಸೋರದಂತೆ ಯಂತ್ರದ ಬಾಗಿಲ ಸಂದಿಗೆ ತಾಮ್ರದ ಬಲೆ ಕೂರಿಸುತ್ತಾ, ವೈರುಗಳನ್ನು ಬಿಚ್ಚಿ ಕಟ್ಟುತ್ತಾ ತಮ್ಮನ ಜೊತೆ ನೆಲದ ಮೇಲೆ ಕೂತಳು. ಎರಡನೆಯ ದಿನ ಸ್ಕ್ರೂಡ್ರೈವರಿಗಾಗಿ ಜಗಳವಾಡಿ ನಕ್ಕರು. ಮುಂದಿನ ಪರೀಕ್ಷೆಯಲ್ಲಿ ಯಂತ್ರ ಪಾಸಾಯಿತು. ಸನೀಶನ ಮೇಲಿನ ಸಿಟ್ಟು ಮಾತ್ರ ಜಗದೀಶನಲ್ಲಿ ಹಾಗೇ ಉಳಿದಿತ್ತು.

* * *

ಮತ್ತಿ ಮರದ ಕೆಳಗೆ ಸನೀಶ್ ನೀರಿನ ಬಾಟಲಿ ತಂದು ಜಗದೀಶನ ಎದುರು ಕುಕ್ಕರಗಾಲಲ್ಲಿ ಕೂತ.

"ಸ್ವಲ್ಪ ಕುಡೀರಿ ಸರ್. ಬೆಳಿಗ್ಗೆಯಿಂದ ಏನೂ ತಗೊಂಡಿಲ್ಲ ನೀವು."

ಜಗದೀಶ್ ಬಾಟಲಿ ತೆಗೆದುಕೊಂಡ.

"ಆವತ್ತು ಟೆಸ್ಟ್ ಮಾಡುವಾಗ ಮೇಡಂ ಒಳಗೆ ಬರಲೇ ಇಲ್ಲ," ಎಂದ ಸನೀಶ್. "ಹೊರಗೆ ಬೆಂಚಿನ ಮೇಲೆ ಕೂತಿದ್ರು. ಮಿತಿ ದಾಟಿದೆ ಅಂತ ಹೋಗಿ ಹೇಳ್ದೆ. ಬೈತಾರೆ ಅಂದ್ಕೊಂಡಿದ್ದೆ. 'ಎಲ್ಲಿಂದ ಸೋರ್ತಿದೆ ಅಂತ ಹುಡುಕು' ಅಂದ್ರು, ಅಷ್ಟೇ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಲಿಲ್ಲ."

"ನನಗೆ ಇದೊಂದನ್ನೂ ಹೇಳಲಿಲ್ಲವಲ್ಲ."

"ಪಾಸಾದ ದಿನ ಎಲ್ಲರಿಗೂ ಹೋಳಿಗೆ ತರಿಸಿದ್ರು. 'ನನ್ನ ತಮ್ಮಂದು' ಅಂತ ಗೇಟಿನ ವಾಚ್‌ಮನ್‌ಗೂ ಹೇಳ್ಕೊಂಡು ಬಂದ್ರು."

ಜಗದೀಶ್ ಕೊಡೆಯನ್ನು ಅಕ್ಕನ ಮುಖದ ಮೇಲೆ ಸರಿಯಾಗಿ ವಾಲಿಸಿದ. ಆಮೇಲೆ ಕಣ್ಣೊರೆಸಿಕೊಂಡು ಹೇಳಿದ, "ಏಲಕ್ಕಿಗೆ ಇನ್ನೊಂದು ಮೆಷಿನ್ ಮಾಡ್ತಿದ್ದೀನಿ. ನೀವೇ ನೋಡಬೇಕು."

"ನೋಡ್ತೀನಿ ಸರ್. ಆದರೆ..."

"ಫೇಲಾದರೆ ಫೇಲ್ ಅಂತಲೇ ಬರೀರಿ."

ಆನೆಗಳು ಆಚೆ ದಡ ಹತ್ತಿ ದೂರ ಹೋದವೆಂದು ಚಾತು ಕೈ ಬೀಸಿದ. ಎಲ್ಲರೂ ಎದ್ದರು. ಮುಂಬದಿಯಲ್ಲಿ ಜಗದೀಶನ ಜೊತೆ ಬಿದಿರಿಗೆ ಹೆಗಲು ಕೊಟ್ಟಿದ್ದ ಮುದುಕರೊಬ್ಬರು ದಣಿದಿದ್ದರು. ಜಗದೀಶ್ ಆ ಜಾಗವನ್ನು ಸನೀಶನಿಗೆ ಕಣ್ಣಲ್ಲೇ ತೋರಿಸಿದ.

ಎತ್ತಿದಾಗ ಚಟ್ಟ ಕುಳ್ಳ ಜಗದೀಶನ ಕಡೆಗೆ ವಾಲಿತು. ಅವನು ಟವೆಲನ್ನು ದಪ್ಪಗೆ ಮಡಿಸಿ ಹೆಗಲ ಮೇಲಿಟ್ಟು ಬಿದಿರನ್ನು ಅದರ ಮೇಲೆ ಕೂರಿಸಿಕೊಂಡ. ಸನೀಶ್ ಮಂಡಿ ತುಸು ಬಗ್ಗಿಸಿದ. ಚಟ್ಟ ಸಮವಾಯಿತು. ಇಬ್ಬರೂ ಒಂದೇ ಹೆಜ್ಜೆಯಲ್ಲಿ, ಇನ್ನೂ ಕದಡಿಕೊಂಡಿದ್ದ ತೊರೆಯ ನೀರಿಗಿಳಿದರು.