ಜಾತಿ ಹೋದವಳ ನೀರು

"ದೂರ ನಿಂದ್ರ ಬೇ, ಟೇಬಲ್ಲಿಗೆ ಮೈ ಹಚ್ಚಬ್ಯಾಡ!" ಎಂದು ರೆವಿನ್ಯೂ ಇನ್ಸ್‌ಪೆಕ್ಟರ್ ಶಿವಪ್ರಕಾಶ ಸಾಹೇಬರು ನಮ್ಮವ್ವನನ್ನು ಗದರಿದರು. ಆಮೇಲೆ ಅರ್ಜಿ ನೋಡಿ ನಕ್ಕರು. "ಚಂದವ್ವಾ, ಯೇಸೂನ್ನ ನಂಬಿದ ಮ್ಯಾಲ ನಿನಗ ಜಾತಿ ಎಲ್ಲಿ ಉಳೀತು? ನಿನ್ನ ಮಗಳಿಗೆ ಎಸ್ಸಿ ಸರ್ಟಿಫಿಕೇಟ್ ಬರೂದಿಲ್ಲ."

ಆ ಮಗಳು ನಾನೇ, ಭಾಗ್ಯಜ್ಯೋತಿ. ಬಾಗಲಕೋಟೆಯಲ್ಲಿ ನರ್ಸಿಂಗ್ ಸೀಟು ಸಿಕ್ಕಿತ್ತು. ಸೋಮವಾರದೊಳಗೆ ಜಾತಿ ಪ್ರಮಾಣಪತ್ರ ಕೊಡದಿದ್ದರೆ ಸೀಟೂ ಇಲ್ಲ, ಹಾಸ್ಟೆಲ್ಲೂ ಇಲ್ಲ. ಅವ್ವನ ಜೊತೆ ಇಳಕಲ್ಲಿನ ಕ್ವಾರಿಯಲ್ಲಿ ಕಲ್ಲು ಹೊರುವುದೇ ಗತಿ. ಧರ್ಮದ ಕಾಲಂನಲ್ಲಿ ಹಿಂದೂ ಎಂದು ಬರೆದರೆ ಮುಗಿಯಿತು. ನಾನು ಬರೆದೂ ಇದ್ದೆ. ಅವ್ವ ಅದನ್ನು ಹೊಡೆದುಹಾಕಿಸಿ ಕ್ರೈಸ್ತ ಎಂದು ಬರೆಸಿದಳು.

ನಮ್ಮ ಪಾಸ್ಟರೇ, "ಹಿಂದೂ ಅಂತ ಇರ್ಲಿ ಬಿಡ್ರಿ ಚಂದವ್ವಾರ, ದೇವರೇನ್ ಅರ್ಜಿ ಓದ್ತಾನೇನು?" ಎಂದಿದ್ದರು. ಅವರ ಹೆಸರು ಧರ್ಮರಾಜ. ಅರ್ಧಸತ್ಯಕ್ಕೆ ಮಹಾಭಾರತದಿಂದಲೇ ಆಧಾರವಿದೆ.

"ಖರೇ ಮಾತಾಡ್ರಿ, ಪ್ರೀತೀಲೆ ಮಾತಾಡ್ರಿ ಅಂತ ನೀವ ಕಲಿಸೀರೆಲ್ರಿ," ಎಂದಳು ಅವ್ವ. ಪಾಸ್ಟರಿಗೆ ತಕ್ಷಣ ಬೇರೆ ಊರಿನ ಕೆಲಸ ನೆನಪಾಯಿತು. ನನಗೆ ಮೈಯೆಲ್ಲ ಉರಿಯಿತು. ಸತ್ಯಹರಿಶ್ಚಂದ್ರನಿಗೆ ಹುಟ್ಟಲು ನಮ್ಮ ಕೇರಿಯೇ ಬೇಕಿತ್ತೇ?

ಈಗ ಅವ್ವ ಸಾಹೇಬರನ್ನು ಕೇಳಿದಳು: "ಹಂಗಾರ ನಮ್ಮ ಜಾತಿ ಹೋಗೇತೇನ್ರಿ?"

"ಹೋಗೇತಿ. ಪೂರಾ ಹೋಗೇತಿ."

ವಿಚಾರಣೆಗೆ ಬಂದಾಗ ಕೇರಿಯ ಹೊರಗೇ ಬೈಕು ನಿಲ್ಲಿಸಿ, ಅಲ್ಲಿಂದಲೇ ನಮ್ಮ ಹೆಸರು ಕೂಗಿದವರು ಇವರೇ.

"ಭಾಳ ಛಲೋ ಆತ್ರಿ," ಎಂದ ಅವ್ವ ಚೀಲದಿಂದ ಬಾಟಲಿ ತೆಗೆದು, ಸ್ಟೀಲಿನ ಲೋಟಕ್ಕೆ ನೀರು ಹಾಕಿ ಟೇಬಲ್ಲಿನ ಮೇಲಿಟ್ಟಳು. "ಬಿಸಲಾಗ ದಣದೀರಿ. ಪ್ರೀತೀಲೆ ಕೊಡ್ತೇನಿ, ಕುಡೀರಿ."

ಕಚೇರಿಯಲ್ಲಿದ್ದವರೆಲ್ಲ ತಲೆ ಎತ್ತಿ ನೋಡಿದರು. ಸಾಹೇಬರು ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. "ನನಗ ನೀರಡಿಕಿ ಇಲ್ಲ."

"ಒಂದ ಗುಟುಕ್ರಿ."

"ತಗೀ ಅದನ್ನ, ಬೋಸುಡಿ!" ಎಂದು ಅರಚಿದರು. ಅರಚಿದ ರಭಸಕ್ಕೆ ಗಂಟಲು ಕಟ್ಟಿ ಕೆಮ್ಮು ಬಂತು. ಕೆಮ್ಮುತ್ತಲೇ ಜವಾನನನ್ನು ಕರೆದರು. "ಲಕ್ಷ್ಮಪ್ಪಾ, ನೀರ ತಾರೋ!"

ಲಕ್ಷ್ಮಪ್ಪ ಮೂಲೆಯ ಗಡಿಗೆಯಿಂದ ನೀರು ತಂದ. ಅವ್ವನ ಲೋಟಕ್ಕೆ ತೋಳು ತಾಗದಂತೆ ಕೈ ಚಾಚಿ, ಸಾಹೇಬರು ಲಕ್ಷ್ಮಪ್ಪ ತಂದ ನೀರನ್ನು ಇಸಿದುಕೊಂಡು ಗಟಗಟ ಕುಡಿದರು.

ಅವರು ಕುಡಿದು ಮುಗಿಸುವ ತನಕ ಅವ್ವ ಕಾದಳು. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದ ಸಿಟ್ಟೆಲ್ಲ ನನ್ನದೇ, ಮತ್ತು ಈಗ ಅದು ಅವಳ ಮೇಲಿರಲಿಲ್ಲ. ಸಾಹೇಬರೆದುರಿನ ಖಾಲಿ ಕುರ್ಚಿ ಎಳೆದು ಅವಳನ್ನು ಕೂರಿಸಿದೆ.

ಅವ್ವ ಟೇಬಲ್ಲಿನ ಮೇಲಿದ್ದ ಸಾಹೇಬರ ಪೆನ್ನನ್ನು ಎತ್ತಿ ಅರ್ಜಿಯ ಮೇಲಿಟ್ಟಳು.

"ಜಾತಿ ಹೋಗಿಲ್ರಿ ಸಾಹೇಬ್ರ. ಇಲ್ಲೇ ಐತಿ, ಎಲ್ಲಾರೂ ನೋಡ್ಯಾರ. ಖರೇ ಬರೀರಿ."

ಸಾಹೇಬರು ಪೆನ್ನು ಮುಟ್ಟಲಿಲ್ಲ. ಅದನ್ನೂ ಅವ್ವ ಮುಟ್ಟಿದ್ದಳು.